ಹಿರಿಯರ ಕಾಯಿ

ಸುತ್ತಿಗೆಯ ಎರಡನೇ ಏಟಿಗೆ ಕಾಯಿ ಸರಿಯಾಗಿ ನಡುವಿಗೆ ಬಿರಿಯಿತು. ರಾಜೀವಿ ಅದನ್ನು ಪಾತ್ರೆಯ ಮೇಲೆ ಹಿಡಿದು ನೀರು ಬಸಿದುಕೊಂಡಳು. ಮೂಸಿ ನೋಡಿದಳು. ಹುಳಿ ವಾಸನೆಯಿಲ್ಲ, ಒಳಗೆ ಎಲ್ಲೂ ಕಪ್ಪಿಲ್ಲ. ಅಂಗಡಿಯಿಂದ ತಂದ ಕಾಯಿ ಒಡೆದರೆ ಅರ್ಧಕ್ಕರ್ಧ ಕೊಳೆತೇ ಇರುವ ಈ ದೇಶದಲ್ಲಿ ಇಷ್ಟು ಬೆಳ್ಳಗಿನ ಕಾಯಿ, ಅದೂ ಮಹಾನವಮಿಯ ದಿನ! ಅವಳಿಗೆ ಸಂತೋಷವಾಯಿತು. ಈ ಮನೆಯವರಿಗೆ ಹಬ್ಬದ ಪಾಯಸ ಮಾಡಿಕೊಡಲು ತನ್ನ ಮನೆಯಿಂದ ಹೊತ್ತು ತಂದಿದ್ದ ತುರಿಮಣೆಯನ್ನು ನೆಲದ ಮೇಲಿಟ್ಟು, ಒಂದು ಕಾಲು ಮಡಚಿ ಕುಳಿತು ಸರಸರ ತುರಿಯತೊಡಗಿದಳು. ಒಲೆಯ ಮೇಲೆ ಕಡಲೆಬೇಳೆ ಅರಳಿ ಬೆಲ್ಲಕ್ಕೆ ಕಾಯುತ್ತಿತ್ತು.

ಅಷ್ಟರಲ್ಲಿ ಮಾ ಹರ್ಮಿನಾ ಒಳಗೆ ಬಂದಳು. ಈ ಮನೆಯ ಯಜಮಾನ ಗ್ಲೆನ್‌ನ ತಾಯಿ. ದಪ್ಪ ಕಪ್ಪು ಹೆಂಗಸು, ತಲೆಗೆ ಗಂಜಿ ಹಾಕಿದ ಹಳದಿ ರುಮಾಲು. ಮೊಮ್ಮಗಳು ನೀಲಾಳನ್ನು ಚೌಕಳಿ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಏನೋ ಗುನುಗುತ್ತಾ ಬಂದವಳು ಫ್ರಿಜ್ಜಿನ ಪಕ್ಕದ ಹಲಗೆಯ ಕಡೆ ನೋಡಿ ನಿಂತುಬಿಟ್ಟಳು. ಹಲಗೆಯ ಮೇಲೆ ಹಿತ್ತಾಳೆಯ ಚೆಂಬು ಇತ್ತು. ಚೆಂಬಿನ ಬಾಯಿ ಖಾಲಿಯಿತ್ತು.

"ಓಮಾ ಎಲ್ಲಿ?"

ಓಮಾ ಎಂದರೆ ಡಚ್ಚಿನಲ್ಲಿ ಅಜ್ಜಿ. ಹತ್ತಾರು ವರ್ಷಗಳಿಂದ ಆಮ್‌ಸ್ಟರ್ಡ್ಯಾಮಿನ ಪಕ್ಕದ ಈ ಆಲ್ಮೆರೆ ಊರಿನಲ್ಲೇ ಇರುವ ರಾಜೀವಿಗೆ ಡಚ್ ಚೆನ್ನಾಗಿ ಬರುತ್ತಿತ್ತು. ಅವಳು ತಲೆ ಎತ್ತದೆ ನಕ್ಕಳು. "ಈ ಮನೆಯಲ್ಲಿ ಓಮಾ ಅಂದರೆ ನೀವೇ ಅಲ್ಲವಾ?"

"ನಾನಲ್ಲ. ರುಕ್ಮಿಣಿಯ ಓಮಾ. ಇಲ್ಲಿ ಕೂತಿದ್ದಳಲ್ಲ, ಅವಳು."

ರಾಜೀವಿಯ ಕೈ ನಿಂತಿತು. ಅವಳು ಚೆಂಬನ್ನು ನೋಡಿದಳು. ಕೈಯಲ್ಲಿದ್ದ ಕರಟವನ್ನು ನೋಡಿದಳು. ಕರಟದ ಹೊರಗೆ ಇನ್ನೂ ಅರಿಸಿನವಿತ್ತು, ಕುಂಕುಮದ ಬೊಟ್ಟಿತ್ತು. ಉಡುಪಿಯ ಕಡೆಯ ಅವಳ ಮನೆಯಲ್ಲಿ ಕಲಶದ ಕಾಯಿಯನ್ನು ಪೂಜೆ ಮುಗಿದ ಮೇಲೆ ಪಾಯಸಕ್ಕೆ ಹಾಕುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಇಲ್ಲಿಯೂ ಕಲಶದ ಪೂಜೆ ಮುಗಿದಿದೆ, ಪಾಪ, ಹುಷಾರಿಲ್ಲದ ಹುಡುಗಿಗೆ ವಿಸರ್ಜನೆ ಮಾಡಲು ಆಗಿಲ್ಲ ಎಂದುಕೊಂಡಿದ್ದಳು. ಹಾಗೆಂದು ಕೈಗೆ ಸಿಕ್ಕಂತೆ ಎತ್ತಿಕೊಂಡವಳೂ ಅಲ್ಲ. ಕಿಟಕಿಯಿಂದ ಸೂರ್ಯನನ್ನು ನೋಡಿ, ಬಡಗು ಯಾವ ಕಡೆ ಎಂದು ಲೆಕ್ಕ ಹಾಕಿ, ವಿಸರ್ಜನೆಯ ಕ್ರಮದಂತೆ ಕಲಶವನ್ನು ಫ್ರಿಜ್ಜಿನ ಕಡೆಗೆ ಒಂದಿಷ್ಟು ಸರಿಸಿ, ಕೈಮುಗಿದು, ಆಮೇಲೆಯೇ ಕಾಯಿ ತೆಗೆದಿದ್ದಳು.

"ಅಯ್ಯೋ ದೇವರೇ," ಎಂದಳು ಕನ್ನಡದಲ್ಲಿ. "ನಾನು ಎಂತ ಮಾಡಿದೆ!"

ಮಾ ಹರ್ಮಿನಾಳಿಗೆ ಆ ಮಾತನ್ನು ಅನುವಾದಿಸಬೇಕಾಗಿರಲಿಲ್ಲ. ಅವಳು ಮಹಡಿಯ ಮೆಟ್ಟಿಲ ಕಡೆ ನೋಡಿ ಬಾಯಿಗೆ ಬೆರಳಿಟ್ಟಳು. ಮೇಲೆ ರುಕ್ಮಿಣಿ ಮಲಗಿದ್ದಳು. ಬಹಳ ದಿನಗಳ ಮೇಲೆ ಅವಳಿಗೆ ಹಗಲಿನಲ್ಲಿ ಜೊಂಪು ಹತ್ತಿತ್ತು.

ರುಕ್ಮಿಣಿ ಯಲ್ಲಾಪುರದ ಕಾಡಿನೊಳಗಿನ ಸಿದ್ದಿ ಕೇರಿಯವಳು. ಕೇರಿಯ ಡಮಾಮಿ ಎಂಬ ಚರ್ಮವಾದ್ಯದ ತಂಡದ ಜೊತೆ ಒಂದು ಬೇಸಿಗೆಯಲ್ಲಿ ಆಮ್‌ಸ್ಟರ್ಡ್ಯಾಮಿನ ಉತ್ಸವಕ್ಕೆ ಕುಣಿಯಲು ಬಂದಿದ್ದಳು. ತಂಡದ ಡಮಾಮಿಗಳನ್ನು ವ್ಯಾನಿನಿಂದ ಇಳಿಸಿಕೊಳ್ಳಲು ಬಂದವನು ಗ್ಲೆನ್. ಅವನ ಮನೆಯವರು ಸುರಿನಾಮಿನ ಕಪ್ಪು ಜನ, ಇವನು ಹುಟ್ಟುವ ಮೊದಲೇ ಇಲ್ಲಿಗೆ ಬಂದವರು. ಅವನು ಬಸ್ಸು ಓಡಿಸುತ್ತಿದ್ದ, ರಜೆಯಲ್ಲಿ ತಮ್ಮ ಕಡೆಯ ಮರದ ಡೋಲು ಬಾರಿಸುತ್ತಿದ್ದ. ಡಮಾಮಿಯ ಚರ್ಮದ ಮೇಲೆ ಸುಮ್ಮನೆ ಬೆರಳಾಡಿಸಿದವನು ಆ ಸಂಜೆ ಮನೆಗೆ ಹೋಗಲಿಲ್ಲ. ಮುಂದಿನ ವರ್ಷ ಯಲ್ಲಾಪುರಕ್ಕೆ ಬಂದು ರುಕ್ಮಿಣಿಯ ತಾಯಿ ಗಿರಿಜಮ್ಮನ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ. ಅವನ ಮುಖ ನೋಡಿದ ಕೇರಿಯ ಮುದುಕಿಯರು, "ಇಂವ ನಮ್ಮ ಯಾವ ಮನೆಯಂವ?" ಎಂದು ಕೇಳಿದ್ದರು.

ರುಕ್ಮಿಣಿಯನ್ನು ಸಾಕಿದವಳು ಅಜ್ಜಿ. ಆ ಅಜ್ಜಿ ತೀರಿಕೊಂಡಾಗ ರುಕ್ಮಿಣಿ ತುಂಬು ಬಸುರಿ. ವಿಮಾನದವರು ಹತ್ತಿಸಿಕೊಳ್ಳಲಿಲ್ಲ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದಳು, ಅದೂ ಅರ್ಧಕ್ಕೆ ನಿಂತುಹೋಯಿತು. ಆಮೇಲೆ ನೀಲಾ ಹುಟ್ಟಿದಳು. ಹಾಲು ಬಂತು, ನಿದ್ದೆ ಬರಲಿಲ್ಲ. ಮಗುವನ್ನು ಯಾರಾದರೂ ಮಡಿಲಿಗೆ ಹಾಕಿದರೆ ಹಾಲು ಕೊಡುವಳು, ಯಾರಾದರೂ ತೆಗೆದರೆ ಬಿಡುವಳು. ತಾನಾಗಿ ಕೈ ಚಾಚುತ್ತಿರಲಿಲ್ಲ. ನಲ್ಲಿ ತಿರುಗಿಸಿದರೆ ನೀರಿನ ಸದ್ದಿನೊಳಗೆ ಅಜ್ಜಿ ಕೆಮ್ಮುವುದು ಕೇಳಿಸುತ್ತಿತ್ತು.

ಡಾಕ್ಟರು ಇದು ಬಾಣಂತಿಯರಿಗೆ ಬರುವ ಖಿನ್ನತೆ ಎಂದು ಮಾತ್ರೆ ಬರೆದರು. ಅವಳು ನುಂಗುತ್ತಿದ್ದಳು. ಪ್ರತಿ ವಾರ ಮರೈಕೆ ಎಂಬ ನರ್ಸು ಮನೆಗೆ ಬಂದು ಕುಳಿತು ಮಾತಾಡಿಸುತ್ತಿದ್ದಳು. ರುಕ್ಮಿಣಿಯ ಡಚ್ ಬಸ್ಸಿಗೆ, ಸಂತೆಗೆ ಸಾಕಾಗುವಷ್ಟು ಮಾತ್ರ ಇದ್ದುದರಿಂದ ರಾಜೀವಿ ಬಂದು ನಡುವೆ ಕುಳಿತು ಅನುವಾದ ಮಾಡುತ್ತಿದ್ದಳು. ನಲ್ಲಿಯೊಳಗಿನ ಕೆಮ್ಮಿನ ವಿಷಯ ಮಾತ್ರ ಆ ಅನುವಾದದಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ಅದನ್ನೆಲ್ಲ ಅವರಿಗೆ ಹೇಳ್ಲಿಕ್ಕೆ ಹೋಗ್ಬೇಡ ಮಾರಾಯ್ತಿ," ಎಂದು ರಾಜೀವಿ ಮೊದಲೇ ಹೇಳಿದ್ದಳು. "ತಲೆ ಸರಿ ಇಲ್ಲ ಅಂತ ಮಾಡಿಬಿಡ್ತಾರೆ. ಮತ್ತೆ ನಮ್ಮವರ ಬಗ್ಗೆ ಎಂತ ತಿಳ್ಕೊಳ್ಳುದು ಅವರು?"

ಮಾ ಹರ್ಮಿನಾಳೂ ಅದನ್ನೇ ಹೇಳಿದ್ದಳು, ಬೇರೆ ಕಾರಣಕ್ಕೆ. ಅವಳ ತಮ್ಮ ಓರ್ಲಾಂಡೊ ಹಿಂದೊಮ್ಮೆ ಡಾಕ್ಟರ ಮುಂದೆ, ಸತ್ತ ಅಮ್ಮ ಬಂದು ಮಂಚದ ತುದಿಯಲ್ಲಿ ಕೂರುತ್ತಾಳೆ ಎಂದಿದ್ದ. ಸುರಿನಾಮಿನಲ್ಲಾದರೆ ಅಮ್ಮನಿಗೆ ಏನು ಬೇಕಂತೆ ಎಂದು ಕೇಳುತ್ತಿದ್ದರು. ಇಲ್ಲಿ ಅವನನ್ನು ಬೀಗ ಹಾಕುವ ವಾರ್ಡಿಗೆ ಸೇರಿಸಿದರು. ಹೊರಗೆ ಬಂದ ಮೇಲೆ ಅವನ ಕೈ ಡೋಲಿನ ಮೇಲೆ ನಿಲ್ಲುತ್ತಿರಲಿಲ್ಲ. "ಹೊಟ್ಟೆನೋವು ಹೇಳು, ತಲೆನೋವು ಹೇಳು," ಎಂದಿದ್ದಳು ಸೊಸೆಗೆ. "ಸತ್ತವರನ್ನು ಮಾತ್ರ ಆ ಕೋಣೆಗೆ ಕರೆಯಬೇಡ." ತನಗೆ ತಿಳಿದದ್ದನ್ನು ಅವಳು ಮನೆಯಲ್ಲೇ ಮಾಡಿದಳು. ಮನುಷ್ಯನೊಳಗಿನ ಜೀವಕ್ಕೆ ಅವಳು ಕ್ರಾ ಎನ್ನುತ್ತಿದ್ದಳು. ಅದಕ್ಕೂ ಹಸಿವಾಗುತ್ತದೆ, ಅದಕ್ಕೂ ಮುನಿಸು ಬರುತ್ತದೆ ಎನ್ನುತ್ತಿದ್ದಳು. ಸೊಪ್ಪು ಹಾಕಿದ ನೀರಿನಲ್ಲಿ ಸೊಸೆಯನ್ನು ಮೀಯಿಸಿ, ಅವಳ ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಿದ್ದಳು.

ಯಲ್ಲಾಪುರದಿಂದ ಗಿರಿಜಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ಹಿರಿಯರನ್ನ ಕೂರಿಸೀಯೇನೆ ಮಗಾ?"

ಕೂರಿಸಿರಲಿಲ್ಲ. ಕೇರಿಯಲ್ಲಿ ಪ್ರತಿ ಮನೆಯ ಮೂಲೆಯಲ್ಲೂ ಹಿರಿಯರ ಹೆಸರಿನ ಕಾಯಿ ಇರುತ್ತದೆ. ತೀರಿಕೊಂಡವರು ಅದರಲ್ಲಿ ಕುಳಿತಿರುತ್ತಾರೆ. ಗ್ಲೆನ್ ಆವತ್ತೇ ಸುರಿನಾಮಿ ಅಂಗಡಿಗೆ ಓಡಿದ್ದ. ರುಕ್ಮಿಣಿ ಅವನು ತಂದ ಕಾಯಿಗಳಲ್ಲಿ ಒಂದನ್ನು ಆರಿಸಿ ಚೆಂಬಿನ ಮೇಲೆ ಕೂರಿಸಿದಳು. ಅಂದಿನಿಂದ ಅವಳು ಬೆಳಿಗ್ಗೆ ಎದ್ದು ಅಡುಗೆಮನೆಗೆ ಬರುತ್ತಿದ್ದಳು, ಆ ಕಾಯಿಯ ಹತ್ತಿರ ನಿಂತು ಕೇರಿಯ ಕೊಂಕಣಿಯಲ್ಲಿ ಒಂದೆರಡು ಮಾತಾಡುತ್ತಿದ್ದಳು. ಅಷ್ಟೇ. ಆದರೆ ಅದಕ್ಕಿಂತ ಮೊದಲು ಅಷ್ಟೂ ಇರಲಿಲ್ಲ.

ಕಳೆದ ವಾರ ಮರೈಕೆ ಹೊರಡುವಾಗ ಬಾಗಿಲಲ್ಲಿ ನಿಂತು ಮೆದುವಾಗಿ ಹೇಳಿದ್ದಳು. ಮುಂದಿನ ಶುಕ್ರವಾರದವರೆಗೂ ಹೀಗೇ ಇದ್ದರೆ ಆಸ್ಪತ್ರೆಯಲ್ಲಿ ಹಾಸಿಗೆ ಕೇಳುತ್ತೇನೆ. ತಾಯಿ ಮಗು ಇಬ್ಬರಿಗೂ ಅಲ್ಲಿ ಜಾಗ ಸಿಗುವುದು ಸಂಶಯ. ಮಗುವನ್ನು ಮನೆಯಲ್ಲಿ ಬಿಡಬೇಕಾಗಬಹುದು.

ಆ ಶುಕ್ರವಾರ ಇವತ್ತು. ಮರೈಕೆ ಬರುವುದು ಮಧ್ಯಾಹ್ನ ಮೂರಕ್ಕೆ. ಅದೇ ಹೊತ್ತಿಗೆ, ಅಂದರೆ ಅಲ್ಲಿಯ ಸಂಜೆಗೆ, ಗಿರಿಜಮ್ಮ ಕೇರಿಯವರನ್ನು ಕಟ್ಟಿಕೊಂಡು, ಫೋನು ಸಿಗುವ ಗುಡ್ಡದ ನೆತ್ತಿಗೆ ಡಮಾಮಿ ಹೊತ್ತು ಹತ್ತುವವಳಿದ್ದಳು. ಮಹಾನವಮಿಯ ದಿನ ಹಳೆಯ ಕಾಯಿ ಇಳಿಸಿ ಹೊಸದನ್ನು ಕೂರಿಸಬೇಕು. ಡಮಾಮಿಯ ಸದ್ದಿಲ್ಲದೆ ಹಿರಿಯರು ಏಳುವುದಿಲ್ಲ.

"ಹೊಸದೊಂದು ತಂದು ಇಟ್ಟುಬಿಡುವ," ಎಂದಳು ರಾಜೀವಿ. "ಅವಳು ಏಳುವ ಮೊದಲೇ. ಅರಿಸಿನ ಕುಂಕುಮ ಹಚ್ಚಿದರೆ ಗೊತ್ತಾಗುವುದಿಲ್ಲ."

"ಗೊತ್ತಾಗುತ್ತದೆ," ಎಂದಳು ಮಾ ಹರ್ಮಿನಾ. ಆದರೂ ಆಗಲೇ ಮಗನಿಗೆ ಫೋನು ಹಚ್ಚಿಯಾಗಿತ್ತು.

ಗ್ಲೆನ್ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದವನು ದಾರಿಯಿಂದಲೇ ತಿರುಗಿ ಅಂಗಡಿಗೆ ಹೋದ. ಸ್ವಲ್ಪ ಹೊತ್ತಿನಲ್ಲೇ ಬಸ್ಸಿನವರ ಸಮವಸ್ತ್ರದಲ್ಲಿ, ಬೆವರಿನಲ್ಲಿ ತೊಯ್ದು, ಹೆಗಲಿಗೆ ಚೀಲ ಹಾಕಿಕೊಂಡು ಅಡುಗೆಮನೆಗೆ ನುಗ್ಗಿದ. ಯಾವುದು ಸರಿ ಎಂದು ತಿಳಿಯದೆ ಅಂಗಡಿಯಲ್ಲಿದ್ದ ಕಾಯಿಗಳನ್ನೆಲ್ಲ ತಂದಿದ್ದ. ಅವು ನೆಲದ ಮೇಲೆ ಉರುಳಿದವು, ಒಂದು ಕಾಯಿ ಫ್ರಿಜ್ಜಿನ ಕೆಳಗೆ ಹೋಯಿತು. ಮೂವರೂ ಮಂಡಿಯೂರಿ ಕುಳಿತರು. ಬೆನ್ನಿನ ಮೇಲಿನ ನೀಲಾ ಅಜ್ಜಿಯ ರುಮಾಲನ್ನು ಹಿಡಿದೆಳೆದಳು.

"ಇದು ಅದರಷ್ಟೇ ದಪ್ಪ ಇದೆ."

"ಅದಕ್ಕೆ ಜುಟ್ಟು ಉದ್ದ ಇತ್ತು, ಗ್ಲೆನ್. ಇದು ಬೋಳು."

"ಮಾ, ನೀನು ಜುಟ್ಟು ನೋಡಿದ್ದೀಯಾ?"

"ದಿನಾ ಗುಡ್ ಮಾರ್ನಿಂಗ್ ಹೇಳಿದ್ದೇನೆ. ನೋಡದೆ ಇರುತ್ತೇನಾ?"

ರಾಜೀವಿ ಒಂದಕ್ಕೆ ಅರಿಸಿನ ಬಳಿದು, ಕುಂಕುಮವಿಟ್ಟು, ಚೆಂಬಿನ ಮೇಲೆ ಕೂರಿಸಿದಳು. ಒಡೆದ ಕರಟಗಳನ್ನು ಸಿಂಕಿನ ಕೆಳಗಿನ ಕಸದ ಬುಟ್ಟಿಗೆ ಹಾಕಲು ಹೋದವಳು ಕೈ ಬಾರದೆ ತನ್ನ ಬಟ್ಟೆಯ ಚೀಲದೊಳಗೆ ಇಟ್ಟುಕೊಂಡಳು. ಬೆಂದ ಬೇಳೆ ತಳ ಹಿಡಿಯುವ ಹಾಗಿತ್ತು. ತುರಿದ ಕಾಯಿಯನ್ನು ಏನು ಮಾಡುವುದೆಂದು ತಿಳಿಯದೆ, ಏನೂ ಆಗಿಲ್ಲವೆಂಬಂತೆ ಬೆಲ್ಲವನ್ನೂ ತುರಿಯನ್ನೂ ಪಾತ್ರೆಗೆ ಸುರಿದು ಸೌಟಾಡಿಸಿದಳು. ಮನೆಯೆಲ್ಲ ಪರಿಮಳ ಎದ್ದಿತು.

ಆ ಪರಿಮಳಕ್ಕೇ ಇರಬೇಕು, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು.

ರುಕ್ಮಿಣಿ ನಿದ್ದೆಗಣ್ಣಿನಲ್ಲಿ ಬಂದು ಬಾಗಿಲಿಗೆ ಒರಗಿ ನಿಂತಳು. ಗಂಡನ ದೊಡ್ಡ ಸ್ವೆಟರ್ ತೊಟ್ಟಿದ್ದಳು, ಕೂದಲು ಒಂದು ಕಡೆಗೆ ಒತ್ತಿಹೋಗಿತ್ತು. ಮೂವರೂ ಅವಳನ್ನು ನೋಡಿ ಒಟ್ಟಿಗೆ ನಕ್ಕರು. ಅವಳು ಅವರನ್ನು ನೋಡಲಿಲ್ಲ. ದಿನದ ಅಭ್ಯಾಸದಂತೆ ಹಲಗೆಯ ಹತ್ತಿರ ಹೋಗಿ ಬಾಯಿ ತೆರೆದವಳು ಹಾಗೆಯೇ ನಿಂತಳು.

"ಇದು ಅಜ್ಜಿ ಅಲ್ಲ."

"ಅದೇ ಮಾರಾಯ್ತಿ, ಸ್ವಲ್ಪ ಒರೆಸಿಟ್ಟದ್ದು ನಾನು, ಅದಕ್ಕೆ ಹಾಗೆ ಕಾಣುದು..."

"ಅಜ್ಜಿಗೆ ಎಡಗಣ್ಣು ಸಣ್ಣ." ರುಕ್ಮಿಣಿ ಕಾಯಿಯನ್ನು ತಿರುಗಿಸಿ ಅದರ ಮೂರು ಕಣ್ಣುಗಳನ್ನು ನೋಡಿದಳು. "ಅದಕ್ಕೇ ಆ ಕಾಯಿ ಆರಿಸಿದ್ದೆ ನಾನು. ಇದು ಯಾರೋ."

ರುಕ್ಮಿಣಿಯ ನೋಟ ನೆಲದ ಮೇಲಿನ ಸುತ್ತಿಗೆಗೆ ಹೋಯಿತು, ತುರಿಮಣೆಯ ಹಲ್ಲಿಗೆ ಅಂಟಿದ್ದ ಬಿಳಿ ತುರಿಗೆ ಹೋಯಿತು, ಒಲೆಗೆ ಹೋಯಿತು. ಅಲ್ಲಿಂದ ರಾಜೀವಿಯ ಮುಖಕ್ಕೆ ಬಂತು.

"ಒಡೆದ್ರಾ?"

"ನಮ್ಮಲ್ಲಿ ಕಲಶದ ಕಾಯಿ ಪಾಯಸಕ್ಕೆ ಹಾಕುದು ಉಂಟಲ್ಲ... ನನಗೆ ಗೊತ್ತಿರ್ಲಿಲ್ಲ ರುಕ್ಮಿಣಿ, ದೇವರಾಣೆ..."

"ಒಡೆದ್ರಾ! ನನ್ನ ಅಜ್ಜಿಯನ್ನ ಸುತ್ತಿಗೇಲಿ ಒಡೆದ್ರಾ?"

ಆ ಕೂಗಿಗೆ ಕಿಟಕಿಯ ಗಾಜು ನಡುಗಿದಂತಾಯಿತು. ಇಷ್ಟು ದಿನ ತುಟಿಯ ಹಿಂದೆಯೇ ನಿಂತುಬಿಡುತ್ತಿದ್ದ ಧ್ವನಿ ಅದು. ಗ್ಲೆನ್ ಒಂದು ಹೆಜ್ಜೆ ಹಿಂದೆ ಸರಿದ. ಮಾ ಹರ್ಮಿನಾಳ ಕಣ್ಣು ಅರಳಿತು.

"ಕೇಳಬೇಕು ಅಂತ ಇಲ್ವಾ? ಬಾಯಿ ಇರ್ಲಿಲ್ವಾ ನಿಮ್ಗೆ? ಮಣ್ಣಿಗೆ ಹಾಕೂಕೂ ಹೋಗ್ಲಿಲ್ಲ ನಾನು, ಇದೊಂದು ಕಾಯಿ ಇತ್ತು ನಂಗೆ. ಒಂದು ಕಾಯಿ! ಅದ್ನೂ ನೀವು ತುರಿದು ಹಾಕಿದ್ರಿ. ಎಲ್ಲರೂ ಸೇರಿ ಮುಚ್ಚಿಟ್ರಿ. ನೀವೂ ಮಾ! ನೀನೂ!" ಕೊನೆಯದು ಗ್ಲೆನ್‌ಗೆ. ಅವನು ಪೂರ್ತಿ ತಿಳಿಯದೆಯೇ ತಲೆ ತಗ್ಗಿಸಿದ. "ಕೊಡಿ ಇಲ್ಲಿ ನನ್ನ ಕೂಸನ್ನ! ನಾಳೆ ಅದನ್ನೂ ಎಂತ ಮಾಡ್ತೀರೋ ಯಾರಿಗೆ ಗೊತ್ತು!"

ಅವಳು ಅತ್ತೆಯ ಬೆನ್ನಿನಿಂದ ಚೌಕಳಿ ಬಟ್ಟೆಯ ಗಂಟನ್ನು ಎಳೆದು ಬಿಚ್ಚಿ, ಜಾರುತ್ತಿದ್ದ ಮಗುವನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಸೊಂಟಕ್ಕೇರಿಸಿಕೊಂಡಳು. ನೀಲಾ ಬೆಚ್ಚಿ, ಅಳಬೇಕೋ ಬೇಡವೋ ಎಂದು ತಾಯಿಯ ಮುಖ ನೋಡಿದಳು. ಮಾ ಹರ್ಮಿನಾ ಬಟ್ಟೆಯ ಒಂದು ತುದಿ ಹಿಡಿದುಕೊಂಡು ಅಲುಗಾಡದೆ ನಿಂತಿದ್ದಳು. ಏನಾದರೂ ಹೇಳಲು ಬಾಯಿ ತೆರೆದ ಮಗನಿಗೆ ಮೊಣಕೈಯಿಂದ ತಿವಿದಳು.

ಆಗಲೇ ಮೇಜಿನ ಮೇಲಿನ ಫೋನು ಹಾಡತೊಡಗಿತು. ರುಕ್ಮಿಣಿ ಕೂಗುತ್ತಲೇ ಅದನ್ನು ಒತ್ತಿದಳು.

ಪರದೆಯ ತುಂಬ ಮೊದಲು ಸಂಜೆಯ ಆಕಾಶ, ಆಮೇಲೆ ಗಿರಿಜಮ್ಮನ ಹಣೆ, ಆಮೇಲೆ ಅವಳ ಹಿಂದೆ ಗುಡ್ಡದ ಬಂಡೆಯ ಮೇಲೆ ಒತ್ತಾಗಿ ಕುಳಿತ ಜನ. ಯಾರೋ ಡಮಾಮಿಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಸುತ್ತಿದ್ದರು.

"ಎಂತಕ್ಕೆ ಅಷ್ಟು ಕೂಗ್ತೆ? ಗುಡ್ಡದ ಕೆಳಗೂ ಕೇಳ್ತದೆ," ಎಂದಳು ಗಿರಿಜಮ್ಮ. ಹೇಳುವಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಆಯೀ, ಕಾಯಿ ಒಡೆದುಬಿಟ್ರು. ಪಾಯಸ ಮಾಡಿದ್ರು."

ಗುಡ್ಡದ ಮೇಲೆ ಹಿಂದಿನಿಂದ ಒಬ್ಬ ಮುದುಕ, "ಎಂತ ಮಾಡಿದ್ರು?" ಎಂದು ಕೇಳಿದ. ಪಕ್ಕದವಳು, "ಪಾಯ್ಸ," ಎಂದಳು. ಯಾರೋ ಕಿಸಕ್ಕನೆ ನಕ್ಕು ಬೈಸಿಕೊಂಡರು.

"ಒಡೆದದ್ದು ಯಾರು? ತೋರ್ಸು."

ರಾಜೀವಿ ಸೆರಗಿಗೆ ಕೈ ಒರೆಸಿಕೊಂಡು ಫೋನಿನ ಮುಂದೆ ಬಂದಳು. ಐವತ್ತು ದಾಟಿದ ಹೆಂಗಸು, ಎಂಜಿನಿಯರನ ಹೆಂಡತಿ, ಕನ್ನಡ ಸಂಘದ ಎಲ್ಲ ಸಮಾರಂಭಗಳಲ್ಲೂ ದೀಪ ಹಚ್ಚುವವಳು, ಶಾಲೆಯ ಹುಡುಗಿಯಂತೆ ನಿಂತಳು. "ತಪ್ಪಾಯ್ತು ಅಮ್ಮ. ನಾನು ಕಲಶ ಅಂತ ತಿಳ್ಕೊಂಡದ್ದು. ಬಡಗಿಗೆ ಸರಿಸಿ, ಕೈಮುಗಿದೇ ತೆಗ್ದದ್ದು."

ಗಿರಿಜಮ್ಮ ಪರದೆಯ ಹತ್ತಿರಕ್ಕೆ ಮುಖ ತಂದು ಅವಳನ್ನು ನೋಡಿದಳು. "ಕೈ ಮುಗ್ದಿಯಲ್ಲ, ಅಷ್ಟಾರೂ ಮಾಡ್ದೆ." ಆಮೇಲೆ ಮಗಳ ಕಡೆ ತಿರುಗಿದಳು. "ಹೆಂಗೂ ಇವತ್ತು ಹಳೇ ಕಾಯಿ ಇಳಿಸೂದೇ. ಇಳಿಸಿದ ಕಾಯಿ ತಿನ್ನೂದು ಮನೆಯವ್ರು. ಹೊರಗಿನವ್ರ ಕೈಗೆ ಹೋದ್ರೆ ಹಿರಿಯರಿಗೆ ದಾರಿ ತಪ್ತದೆ, ಅದೂ ಖರೆ."

"ಈಗ ಎಂತ ಮಾಡೂದು ಆಯಿ?"

"ಎಂತ ಮಾಡೂದು? ಆ ಒಡೆದವ್ಳನ್ನ ಹೊರಗೆ ಇಡೂದು ಬ್ಯಾಡ. ಒಳಗೆ ತಕಾ. ಉಣ್ಸು."

ರುಕ್ಮಿಣಿ ರಾಜೀವಿಯನ್ನು ನೋಡಿದಳು. ರಾಜೀವಿ ಒಲೆಯನ್ನು ನೋಡಿದಳು. ಇಬ್ಬರೂ ಮೊದಲು ಭೇಟಿಯಾದ ದಿನ ಬಸ್ಸಿನಲ್ಲಿ ಯಾರೋ ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ, ರಾಜೀವಿ ಎದ್ದು ನಿಂತು ಎಲ್ಲರ ಮುಖವನ್ನೂ ಹುಡುಕಿದ್ದಳು. ಎದುರಿಗೇ ಕುಳಿತು ಮಾತಾಡುತ್ತಿದ್ದ ಕಪ್ಪು ಹುಡುಗಿಯನ್ನು ಮಾತ್ರ ಬಿಟ್ಟು. ಆಮೇಲೆ ಅದನ್ನು ಹೇಳಿಕೊಂಡು ಇಬ್ಬರೂ ಎಷ್ಟೋ ಸಲ ನಕ್ಕಿದ್ದರು. ಅಂದಿನಿಂದ ರಾಜೀವಿ ಈ ಮನೆಗೆ ಬಂದದ್ದಕ್ಕೆ ಲೆಕ್ಕವಿಲ್ಲ. ಬರುವಾಗ ತನ್ನದೇ ಪಾತ್ರೆ, ತನ್ನದೇ ನೀರಿನ ಬಾಟಲಿ ತರುತ್ತಿದ್ದಳು.

"ಇವತ್ತು ನವಮಿ ಅಲ್ವಾ, ನನಗೆ ಉಪವಾಸ..." ಎಂದಳು ರಾಜೀವಿ ಮೆಲ್ಲಗೆ.

"ಅಕ್ಕ," ಎಂದಳು ರುಕ್ಮಿಣಿ, "ನೀವು ಒಂದಿನ ಉಪವಾಸ, ಒಂದಿನ ಹಲ್ನೋವು, ಒಂದಿನ ಈಗಷ್ಟೇ ಉಂಡು ಬಂದೆ ಅಂತೀರಿ. ನಂಗೆ ಗೊತ್ತದೆ. ನಾನು ಎಂದಾದ್ರೂ ಕೇಳಿದ್ನಾ? ಇವತ್ತು ಕೇಳ್ತೆ."

ಮಾ ಹರ್ಮಿನಾ ಮಗನ ಕಡೆ ಬಾಗಿ ವಿಷಯ ಏನೆಂದು ಕೇಳಿದಳು. ಅವನು ತಿಳಿದಷ್ಟು ಹೇಳಿದ. "ಓಹೋ," ಎಂದಳು ಅವಳು ಗಟ್ಟಿಯಾಗಿ. "ನಾನು ಕೊಟ್ಟ ಕಾಫಿ ಇವಳ ಮುಂದೆ ಮುಟ್ಟದೆ ತಣ್ಣಗಾದಷ್ಟು ಈ ಮನೆಯಲ್ಲಿ ಚಳಿಗಾಲದಲ್ಲೂ ಯಾವುದೂ ತಣ್ಣಗಾಗಿಲ್ಲ." ಅವಳೇ ಹೋಗಿ ಬಟ್ಟಲಿಗೆ ಪಾಯಸ ಬಡಿಸಿ ತಂದು ಹಿಡಿದು, ರುಕ್ಮಿಣಿಯ ಖಾಲಿ ಕೈಗೆ ಚಮಚ ಕೊಟ್ಟಳು.

ರುಕ್ಮಿಣಿ ಒಂದು ಚಮಚ ತಾನು ತಿಂದಳು. ಅದೇ ಚಮಚ ತುಂಬಿ ರಾಜೀವಿಯ ಬಾಯಿಯ ಹತ್ತಿರ ಹಿಡಿದಳು. ಗುಡ್ಡದ ಮೇಲಿನ ಜನ ಫೋನಿನ ಕಡೆಗೆ ಕತ್ತು ಚಾಚಿದರು. ರಾಜೀವಿ ಕಣ್ಣು ಮುಚ್ಚಿ ಬಾಯಿ ತೆರೆದಳು.

"ಬೆಲ್ಲ ಕಮ್ಮಿ ಆಯ್ತು," ಎಂದಳು ನುಂಗಿದ ಮೇಲೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಹೊಡೀರೋ!" ಎಂದು ಗಿರಿಜಮ್ಮ ಕೂಗಿದಳು.

ಡಮಾಮಿಯ ಮೊದಲ ಪೆಟ್ಟು ಮೇಜಿನ ಮೇಲೆ ಫೋನನ್ನೇ ಕುಣಿಸಿತು. ಗ್ಲೆನ್ ತಡೆಯಲಾರದೆ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಬಡಿಯತೊಡಗಿದ. ಮಾ ಹರ್ಮಿನಾ ಚೌಕಳಿ ಬಟ್ಟೆಯನ್ನು ಗಾಳಿಯಲ್ಲಿ ಬೀಸಿದಳು. ರುಕ್ಮಿಣಿ ಮಗುವನ್ನು ಸೊಂಟದ ಮೇಲೆ ಕುಣಿಸುತ್ತಾ ಫೋನಿಗೆ ಬಾಗಿ, "ಜೋರಾಗಿ ಹೊಡೀರಿ, ಹಿಂದಿನವ್ರದು ಕೇಳ್ತಿಲ್ಲ!" ಎಂದಳು. ಮುಂಬಾಗಿಲ ಕರೆಗಂಟೆ ಎಷ್ಟು ಸಲ ಬಾರಿಸಿತೋ ಯಾರಿಗೂ ಕೇಳಲಿಲ್ಲ. ಕೊನೆಗೆ ನೋಡಿದರೆ, ಹಿಂಬದಿಯ ತೋಟದ ಬಾಗಿಲಿನ ಗಾಜಿಗೆ ಮುಖವೊತ್ತಿ, ಸೈಕಲ್ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು, ನರ್ಸು ಮರೈಕೆ ನಿಂತಿದ್ದಳು.

ಗ್ಲೆನ್ ಹೋಗಿ ಬಾಗಿಲು ತೆರೆದ. ಮಾ ಹರ್ಮಿನಾ ಬೀಸುತ್ತಿದ್ದ ಬಟ್ಟೆಯನ್ನು ಕೆಳಗಿಳಿಸಿದಳು. ಫೋನಿನಲ್ಲಿ ಡಮಾಮಿ ಮಾತ್ರ ಮುಂದುವರಿದಿತ್ತು. ರುಕ್ಮಿಣಿ ಅದರ ಸದ್ದನ್ನು ತಗ್ಗಿಸಿದಳೇ ಹೊರತು ನಿಲ್ಲಿಸಲಿಲ್ಲ. ಮರೈಕೆ ನೆಲದ ಮೇಲೆ ಚೆಲ್ಲಿದ್ದ ಕಾಯಿಗಳನ್ನು ಜಾಗರೂಕತೆಯಿಂದ ದಾಟಿ ಬಂದು ಕುರ್ಚಿಯಲ್ಲಿ ಕುಳಿತಳು. ಅವಳ ಕಣ್ಣು ಮಗುವಿದ್ದ ಸೊಂಟದ ಮೇಲೆ ಒಂದು ಕ್ಷಣ ನಿಂತಿತು.

"ಏನು ನಡೆಯುತ್ತಿದೆ ಇಲ್ಲಿ?" ಎಂದು ಕೇಳಿದಳು.

"ಹಬ್ಬ," ಎಂದಳು ರಾಜೀವಿ ಡಚ್ಚಿನಲ್ಲಿ, ಎಂದಿನ ಸಭ್ಯ ಧ್ವನಿಯಲ್ಲಿ. "ನಮ್ಮ ಕಡೆಯ ಹಬ್ಬ. ಇವಳ ಅಜ್ಜಿ ತೀರಿಕೊಂಡಿದ್ದಾರೆ, ಅವರ ನೆನಪಿಗೆ ಊಟ. ಇವಳಿಗೆ ಈಗ ಪರವಾಗಿಲ್ಲ. ಸ್ವಲ್ಪ ಸುಸ್ತು, ಅಷ್ಟೇ."

ರುಕ್ಮಿಣಿ ಅವಳ ಬಾಯಿಯನ್ನೇ ನೋಡುತ್ತಿದ್ದಳು. ಅಷ್ಟು ಡಚ್ ಅವಳಿಗೆ ತಿಳಿಯುತ್ತಿತ್ತು.

"ಪೂರ್ತಿ ಹೇಳಿ ಅಕ್ಕ."

"ಬೇಡ ಮಾರಾಯ್ತಿ. ಇವತ್ತೇ ಬೇಡ. ನೋಡು, ಎಲ್ಲ ಒಳ್ಳೇದಾಗ್ತಾ ಉಂಟು..."

"ತಿಂದೀರಲ್ಲ ಈಗ. ಮನೆಯವ್ರೇ ಹೇಳ್ಬೇಕು. ಹೇಳಿ."

ರಾಜೀವಿ ಮಾ ಹರ್ಮಿನಾಳ ಕಡೆ ನೋಡಿದಳು. ಏನು ನಡೆಯುತ್ತಿದೆಯೆಂದು ಅವಳು ಮುಖ ನೋಡಿಯೇ ತಿಳಿದುಕೊಂಡಿದ್ದಳು. ಚೌಕಳಿ ಬಟ್ಟೆಯನ್ನು ಮುಷ್ಟಿಯಲ್ಲಿ ಸುತ್ತಿ ಬಿಗಿಹಿಡಿದು, ಗೋಡೆಗೆ ಬೆನ್ನು ಕೊಟ್ಟು ನಿಂತಳು. ಬೇಡ ಎನ್ನಲಿಲ್ಲ.

ರಾಜೀವಿ ಮರೈಕೆಯ ಕಡೆ ತಿರುಗಿ ಕುಳಿತಳು. ಆಮೇಲೆ ಹೇಳಿದಳು. ನಲ್ಲಿಯ ನೀರಿನಲ್ಲಿ ಅಜ್ಜಿ ಕೆಮ್ಮುವುದನ್ನು ಹೇಳಿದಳು. ಹಲಗೆಯ ಮೇಲಿನ ಕಾಯಿ ಏನೆಂದು, ಅದಕ್ಕೆ ಇವತ್ತು ತಾನು ಏನು ಮಾಡಿದೆನೆಂದು ಹೇಳಿದಳು. ಇಷ್ಟು ವಾರ ಇದನ್ನೆಲ್ಲ ನಡುವೆಯೇ ತಡೆದವಳು ತಾನೆಂದೂ ಹೇಳಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ನನ್ನ ಸೋದರಮಾವನ ಮೈಮೇಲೆ ದೈವ ಬರುತ್ತದೆ. ಊರಿನಲ್ಲಿ ಜನ ಸಾಲಾಗಿ ನಿಂತು ಅವರ ಮಾತು ಕೇಳುತ್ತಾರೆ. ಮರುದಿನ ಅವರು ಎದ್ದು ಗದ್ದೆಗೆ ಹೋಗುತ್ತಾರೆ. ಇಲ್ಲಿ ನಾನು ಇದನ್ನು ನನ್ನ ಮಕ್ಕಳಿಗೂ ಹೇಳಿಲ್ಲ."

ಮರೈಕೆ ಚೀಲದ ಜಿಪ್ಪು ತೆರೆದಿರಲಿಲ್ಲ. ಅವಳು ಮುಂದಕ್ಕೆ ಬಾಗಿ ರುಕ್ಮಿಣಿಯನ್ನೇ ನೋಡಿ, ನಿಧಾನವಾಗಿ, ಸಣ್ಣ ಸಣ್ಣ ಮಾತುಗಳಲ್ಲಿ ಕೇಳಿದಳು. "ಅಜ್ಜಿ ಏನು ಹೇಳುತ್ತಾರೆ? ನಿನಗೆ ಅಥವಾ ಮಗುವಿಗೆ ಏನಾದರೂ ಕೆಡುಕು ಮಾಡು ಎನ್ನುತ್ತಾರಾ?"

ರಾಜೀವಿ ಅದನ್ನು ಕನ್ನಡಕ್ಕೆ ತಂದಳು.

"ಥೂ!" ಎಂದಳು ರುಕ್ಮಿಣಿ. ಅವಳಿಗೆ ನಿಜವಾಗಿಯೂ ಅವಮಾನವಾಗಿತ್ತು. "ನನ್ನ ಅಜ್ಜಿ ಹಂಗೆ ಹೇಳ್ತಾಳಾ? ಕೆಮ್ತಾಳೆ ಅಷ್ಟೇ. ಎಲೆ ಹೊಗೆಸೊಪ್ಪು ಜಾಸ್ತಿ ಅವ್ಳಿಗೆ. ಒಂದೊಂದ್ಸಲ, ನನ್ನ ಎಲ್ಲಿ ಕೂರಿಸ್ತೆ ಅಂತಾಳೆ. ಅದು ಬಿಟ್ರೆ, ಉಂಡ್ಯಾ ಅಂತಾಳೆ."

ಅನುವಾದ ಮಾಡುವಾಗ ರಾಜೀವಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಮರೈಕೆ ತಲೆಯಾಡಿಸಿದಳು. ನಿದ್ದೆಯ ವಿಷಯ ಕೇಳಿದಳು. ರಾತ್ರಿ ಕಷ್ಟ ಎಂದಳು ರುಕ್ಮಿಣಿ. ಮಾತ್ರೆ ಬಿಡಬಾರದು ಎಂದಳು ಮರೈಕೆ. ಬಿಡುವುದಿಲ್ಲ ಎಂದಳು ರುಕ್ಮಿಣಿ. ನೀಲಾ ಅವಳ ಸ್ವೆಟರಿನ ಕೊರಳನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು.

"ಮತ್ತೆ ಇವತ್ತು?" ಎಂದು ಕೇಳಿದಳು ಮರೈಕೆ, ನೆಲದ ಮೇಲಿನ ಕಾಯಿಗಳನ್ನು ನೋಡುತ್ತಾ. "ಇವತ್ತು ಅಜ್ಜಿ ಎಲ್ಲಿ ಕೂರುತ್ತಾರೆ?"

"ಆರಿಸ್ಬೇಕು."

"ಹಾಗಾದರೆ ಆರಿಸು. ನಾನು ಮಂಗಳವಾರ ಬರುತ್ತೇನೆ."

"ಎಲ್ಲಿಗೆ?" ಮಾ ಹರ್ಮಿನಾ ಗೋಡೆ ಬಿಟ್ಟು ಮುಂದೆ ಬಂದಳು. ಧ್ವನಿ ಒರಟಾಗಿತ್ತು. "ಮಂಗಳವಾರ ಎಲ್ಲಿಗೆ ಬರುತ್ತೀ?"

"ಇಲ್ಲಿಗೇ," ಎಂದಳು ಮರೈಕೆ.

ಮಾ ಹರ್ಮಿನಾ ಒಲೆಯ ಹತ್ತಿರ ಹೋಗಿ ಇನ್ನೊಂದು ಬಟ್ಟಲು ಹುಡುಕತೊಡಗಿದಳು, ಕೈಗೆ ಸಿಕ್ಕಿದ್ದನ್ನೆಲ್ಲ ಸದ್ದು ಮಾಡುತ್ತಾ.

ರುಕ್ಮಿಣಿ ನೆಲದ ಮೇಲೆ ಕುಳಿತಳು. ಮಗುವನ್ನು ಯಾರ ಕೈಗೂ ಕೊಡದೆ ಮಡಚಿದ ಕಾಲಿನ ಕುಣಿಯಲ್ಲಿ ಕೂರಿಸಿಕೊಂಡಳು. ರಾಜೀವಿ ಚೆಂಬಿನ ಮೇಲಿನ ಸುಳ್ಳು ಅಜ್ಜಿಯನ್ನೂ ಕೆಳಗಿಳಿಸಿ ಉಳಿದವುಗಳ ಜೊತೆ ಇಟ್ಟಳು. ಗ್ಲೆನ್ ಹೊಟ್ಟೆಯ ಮೇಲೆ ಮಲಗಿ ಫ್ರಿಜ್ಜಿನ ಕೆಳಗಿನಿಂದ ಕೊನೆಯ ಕಾಯಿಯನ್ನು ಎಳೆದು ತೆಗೆದ. ಅದಕ್ಕೆ ಧೂಳು ಮೆತ್ತಿತ್ತು. ರುಕ್ಮಿಣಿ ಒಂದೊಂದನ್ನೇ ಎತ್ತಿ ಕಣ್ಣು ನೋಡಿದಳು, ಕಿವಿಯ ಹತ್ತಿರ ಅಲುಗಿಸಿ ಕೇಳಿದಳು, ಕೆಳಗಿಟ್ಟಳು.

"ಕೇಳ್ತಿಲ್ಲ ಆಯಿ," ಎಂದಳು ಫೋನಿನ ಕಡೆ ತಿರುಗಿ. "ಒಂದ್ಗಳಿಗೆ ನಿಲ್ಸಿ."

ಗುಡ್ಡದ ಮೇಲೆ ಡಮಾಮಿ ನಿಂತಿತು. ಅಲ್ಲಿ ಕತ್ತಲಾಗುತ್ತಿತ್ತು. ಒಬ್ಬರ ಮುಖವೂ ಕಾಣುತ್ತಿರಲಿಲ್ಲ, ಬೆಂಕಿ ಮಾತ್ರ ಕಾಣುತ್ತಿತ್ತು.

ರುಕ್ಮಿಣಿ ಧೂಳು ಮೆತ್ತಿದ ಕಾಯಿಯನ್ನು ಸ್ವೆಟರಿನ ತೋಳಿನಿಂದ ಒರೆಸಿದಳು. ತನ್ನ ಕಿವಿಗೆ ಹಿಡಿದಳು, ಈ ಸಲ ಕೆಳಗಿಡಲಿಲ್ಲ. ಆಮೇಲೆ ಅದನ್ನು ಮೆಲ್ಲಗೆ ಮಗುವಿನ ಕಿವಿಯ ಹತ್ತಿರ ತಂದು ಒಂದು ಸಲ ಅಲುಗಿಸಿದಳು. ಒಳಗೆ ನೀರು ತುಳುಕಿತು. ನೀಲಾ ಚೀಪುವುದನ್ನು ಬಿಟ್ಟಳು. ಜುಟ್ಟಿನ ನಾರನ್ನು ಪುಟ್ಟ ಮುಷ್ಟಿಯಲ್ಲಿ ಹಿಡಿದು, ಕಣ್ಣು ಮಿಟುಕಿಸದೆ ಕೇಳುತ್ತಾ ಕುಳಿತಳು.